ಬಾರದ ಅಳು

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಒಂದೊಂದು ಪಾಪ ಹೇಳಬೇಕಿತ್ತು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮಿಷನ್ ಕಾಂಪೌಂಡಿನ ಸಾಲು ಮನೆಗಳಲ್ಲಿ ಕೊನೆಯದು ನಮ್ಮದು. ಮುಂದೆ ಪಡಸಾಲೆ, ನಡುವೆ ಕಿಟಕಿ ಇಲ್ಲದ ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಬೇವಿನ ಮರವಿದ್ದ ಸಣ್ಣ ಹಿತ್ತಲು. ಅಪ್ಪ ಯೋಹಾನಪ್ಪ ಸಭೆಯ ಉಪದೇಶಿ. ವಾರವೆಲ್ಲ ಸೈಕಲ್ಲಿನ ಮೇಲೆ ರೂಪನಗುಡಿಯ ಕಡೆಯ ಹಳ್ಳಿಗಳಿಗೆ ಹೋಗಿ ಬರುವರು, ಪಾದ್ರಿ ಅಯ್ಯನವರು ಹೇಳಿದ ಭಾನುವಾರ ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಪ್ರಸಂಗ ಮಾಡುವರು. ಅವರ ಪ್ರಸಂಗಗಳೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತಿದ್ದವು. ಮನುಷ್ಯ ಪಶ್ಚಾತ್ತಾಪ ಪಡಬಲ್ಲ, ಪಡಲೇಬೇಕು, ಅದು ಅವನ ಕೆಲಸ. ಕ್ಷಮೆ ಆಮೇಲಿನ ಮಾತು, ಅದು ದೇವರ ಕೆಲಸ. ಆ ಪ್ರಸಂಗ ನಮ್ಮ ಮನೆಯಲ್ಲಿ ದಿನಾಲೂ ನಡೆಯುತ್ತಿತ್ತು. ಚಾಪೆಯ ಮೇಲೆ ಕೂತು ಕೀರ್ತನೆ ಹಾಡಿ ಮುಗಿಸಿದ ಮೇಲೆ ನಾನು ಸುಗುಣ, ತಮ್ಮ ಪೌಲ ಇಬ್ಬರೂ ಆ ದಿನದ ಪಾಪ ಹೇಳುತ್ತಿದ್ದೆವು. ಅಪ್ಪ ಕಂದೀಲನ್ನು ಎತ್ತಿ ನಮ್ಮ ಮುಖದ ಹತ್ತಿರ ಹಿಡಿದು ಕಣ್ಣು ನೋಡುತ್ತಿದ್ದರು.

"ಬಾಯಿಲೆ ಅಂದ್ರ ಆಗಂಗಿಲ್ಲ. ಒಳಗಿಂದ ಬರ್ಬೇಕು."

ಕಣ್ಣೀರು ಬರುವ ತನಕ ಊಟ ಇಲ್ಲ. ಪೌಲ ಆಗಿನ್ನೂ ಸಣ್ಣವನು. ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬಂದೊಡನೆ ಅವನು ಗೊಳೋ ಎಂದು ಅಳುತ್ತಿದ್ದ. ಅಪ್ಪ ಅದನ್ನು ಪಶ್ಚಾತ್ತಾಪವೆಂದು ತಿಳಿದು ಅವನ ತಲೆಯ ಮೇಲೆ ಕೈ ಇಡುತ್ತಿದ್ದರು. ನಮ್ಮವ್ವ ರಾಹೇಲಮ್ಮ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವಳು ತಂದೆತಾಯಿ ಯಾರೆಂದು ತಿಳಿಯದೆ ಮಿಷನ್ನಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬೆಳೆದವಳು. ಜಗತ್ತಿನಲ್ಲಿ ಅವಳದೆಂದು ಇದ್ದದ್ದು ನಾವು ಮೂವರೇ.

"ಕೂಸು ಹಸಿವಿಗೆ ಅಳಾಕ ಹತ್ತೈತ್ರಿ, ಪಾಪಕ್ಕಲ್ಲ."

"ಮನುಷ್ಯ ಮೊದಲ ಹೆಜ್ಜಿ ಇಡಬೇಕು ರಾಹೇಲಾ. ಆಮ್ಯಾಲ ದೇವರು ಓಡಿ ಬರತಾನ."

"ಆ ಮೊದಲ ಹೆಜ್ಜಿ ಇಡಾಕ ಕಾಲಿಗೆ ಬಲ ಕೊಡಾವ ಯಾರು? ಅದೂ ಆತನ ಕೃಪೆ ಅಲ್ಲೇನು?"

"ಹಂಗಂದ್ರ ಕಳ್ಳನೂ ಕೃಪೆ ಬಂದಿಲ್ಲ ಅಂತ ಕುಂಡ್ರತಾನ!"

ಈ ಜಗಳ ಹೀಗೆ ಶುರುವಾಗಿ ರೊಟ್ಟಿ ಆರುವ ತನಕ ನಡೆಯುತ್ತಿತ್ತು. ತನ್ನ ಸರದಿ ಬಂದಾಗ ಅವ್ವ "ಇವತ್ತು ಸಿಟ್ಟು ಬಂದಿತ್ತು" ಎಂದಷ್ಟೇ ಹೇಳಿ ಏಳುತ್ತಿದ್ದಳು. ಅವಳ ಮುಖಕ್ಕೆ ಕಂದೀಲು ಹಿಡಿಯುವ ಧೈರ್ಯ ಅಪ್ಪನಿಗೆ ಇರಲಿಲ್ಲ. ಅಪ್ಪನ ಸರದಿ ಕೊನೆಯದು. ಅವರು ಕಣ್ಣು ಮುಚ್ಚಿ, "ಕರ್ತನೇ, ನನ್ನ ಗುಪ್ತ ಪಾಪಗಳನ್ನು ಕ್ಷಮಿಸು" ಎನ್ನುತ್ತಿದ್ದರು. ಗುಪ್ತ ಅಂದರೆ ಏನು ಎಂದು ನಾವು ಯಾರೂ ಕೇಳಲಿಲ್ಲ. ಅದು ಪ್ರಾರ್ಥನೆಯಲ್ಲಿ ಬರುವ ಒಂದು ಮಾತು ಎಂದೇ ನಾನು ತಿಳಿದಿದ್ದೆ.

ಯುದ್ಧದ ಕಾಲ. ಕಂಟೋನ್ಮೆಂಟಿನ ರಸ್ತೆಯಲ್ಲಿ ಸಿಪಾಯಿಗಳ ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಅಂಥ ಒಂದು ಬೇಸಗೆಯ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ನಾನು ಎದ್ದು ಹೋದೆ. ಅವ್ವನಿಗಿಂತ ವಯಸ್ಸಾದ ಹೆಂಗಸೊಬ್ಬಳು ನಿಂತಿದ್ದಳು. ಬಣ್ಣ ಹೋದ ಸೀರೆ, ಹಣೆಯ ಮೇಲೆ ಬೆವರಿಗೆ ಕಲಸಿದ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ ಮತ್ತು ತಾಳಿ. ಬರಿಗಾಲು ಮೊಣಕಾಲಿನವರೆಗೆ ಕೆಂಧೂಳಾಗಿತ್ತು.

"ಕುರುಗೋಡಿನ ಉಪದೇಶಿ ಮನಿ ಇದೇ ಏನವ್ವಾ?"

"ನಾವು ಕುರುಗೋಡಿನವರಲ್ರಿ," ಅಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಅಪ್ಪನೂ ಅವ್ವನ ಹಾಗೆ ಹಾಸ್ಟೆಲಿನಲ್ಲಿ ಬೆಳೆದವರು ಎಂದು ನಾವು ತಿಳಿದಿದ್ದೆವು. ಅವರೇ ಹಾಗೆ ತಿಳಿಯಲು ಬಿಟ್ಟಿದ್ದರು.

ಮಾತು ಕೇಳಿ ಅಪ್ಪ ಎಂಜಲು ಕೈಯಲ್ಲೇ ಪಡಸಾಲೆಗೆ ಬಂದರು. ಬಂದವರು ನಡುಬಾಗಿಲಲ್ಲಿ ನಿಂತುಬಿಟ್ಟರು. ಆ ಹೆಂಗಸು ಅವರ ಮುಖ ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಚೌಕಟ್ಟಿಗೆ ಹೇಳುವಂತೆ ಹೇಳಿದಳು.

"ಅತ್ತಿ ಹೋದ್ಲು. ಮಣ್ಣು ಮಾಡೀವಿ. ಹೇಳಾಕ ಬಂದೆ."

ಅವ್ವನೂ ಅಷ್ಟರಲ್ಲಿ ಬಂದಿದ್ದಳು.

"ಯಾರ ಅತ್ತಿ? ನೀವು ಯಾರ್ರಿ?"

"ಇವರ ಅವ್ವ. ನಾ ಇವರ ಹೇಂತಿ, ಈರಮ್ಮ."

ಆ ಮಾತನ್ನು ಆಕೆ ಜಗಳದ ದನಿಯಲ್ಲಿ ಹೇಳಲಿಲ್ಲ. ದಾರಿ ಕೇಳಿದವರಿಗೆ ಊರಿನ ಹೆಸರು ಹೇಳಿದ ಹಾಗೆ ಹೇಳಿದಳು. ಅಪ್ಪನ ಬೆರಳುಗಳಿಗೆ ಅಂಟಿದ್ದ ಅನ್ನ ಒಣಗುತ್ತಿದ್ದುದನ್ನು ನೋಡುತ್ತ ನಿಂತಿದ್ದೆ. ಅವ್ವ ಅಪ್ಪನ ಕಡೆ ತಿರುಗಿದಳು.

"ಸುಳ್ಳು ಅನ್ರಿ."

ಅಪ್ಪ ಅನ್ನಲಿಲ್ಲ. ಅವ್ವ ಇನ್ನೊಮ್ಮೆ ಹೇಳಿದಳು. ಈ ಸಲ ದನಿ ಬಹಳ ಸಣ್ಣದಾಗಿತ್ತು. ಅಪ್ಪ ಗೋಡೆಗೆ ಒರಗಿದರು. ಆಗ ಅವ್ವ ಮಾಡಿದ್ದು ನನಗೆ ಈಗಲೂ ಅರ್ಥವಾಗುವುದಿಲ್ಲ. ಅವಳು ಬಾಗಿಲಲ್ಲಿದ್ದವಳನ್ನು ಉಂಡಿರೇನು ಎಂದು ಕೇಳಿದಳು. ಆಕೆ, ನಾ ನಿಮ್ಮ ಕೈಯಾಂದು ಉಣ್ಣಂಗಿಲ್ಲವ್ವಾ, ಹಿಡಿ ಹಿಟ್ಟು ಕೊಟ್ರ ಹಿತ್ತಲದಾಗ ಸುಟ್ಕೋತೀನಿ ಎಂದಳು. ಅವ್ವ ಜೋಳದ ಹಿಟ್ಟು, ಹೆಂಚು, ನೀರು ಕೊಟ್ಟಳು. ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಈರಮ್ಮ ಒಲೆ ಹೊತ್ತಿಸಿದಳು. ಆ ಒಲೆಯ ಹೊಗೆ ಅಡಿಗೆಮನೆಯೊಳಗೆ ಬರುತ್ತಿದ್ದಾಗ ಅಪ್ಪ ಅಲ್ಲೇ ನೆಲದ ಮೇಲೆ ಕೂತು ಅವ್ವನಿಗೆ ಎಲ್ಲ ಹೇಳಿದರು. ನಮ್ಮನ್ನು ಹೊರಗೆ ಕಳಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಅವರ ಮೊದಲಿನ ಹೆಸರು ಬಸಣ್ಣ. ಕುರುಗೋಡಿನ ವೀರಶೈವ ಮನೆತನ, ತಂದೆ ಇರಲಿಲ್ಲ, ತಾಯಿಗೆ ಒಬ್ಬನೇ ಮಗ. ಮೀಸೆ ಚಿಗುರುವ ಮೊದಲೇ ಮದುವೆಯಾಗಿತ್ತು. ಬಳ್ಳಾರಿಗೆ ಓದಲು ಬಂದವರು ಇಲ್ಲಿ ಹೊಸ ಮಾತು ಕೇಳಿದರು, ನಂಬಿದರು, ದೀಕ್ಷಾಸ್ನಾನ ತೆಗೆದುಕೊಂಡರು. ಹೆಂಡತಿ ಜೊತೆಗೆ ಬರದಿದ್ದರೆ ಮದುವೆ ಕಡಿಯಲು ಕಾನೂನಿನಲ್ಲಿ ದಾರಿ ಇತ್ತು. ಆಕೆಯನ್ನು ಕೇಳಿಸಿದರು, ಆಕೆ ಒಲ್ಲೆ ಎಂದಳು, ಮದುವೆ ಕಡಿಯಿತು. ಆಗಿನ ಮಿಷನ್ನಿನ ಬಿಳಿ ದೊರೆಗಳು ಅವರ ಹೆಗಲ ಮೇಲೆ ಕೈಯಿಟ್ಟು, ಹಳೇ ಮನುಷ್ಯ ನೀರಿನಲ್ಲಿ ಸತ್ತುಹೋದ, ಇನ್ನು ಅವನ ಸುದ್ದಿ ಬೇಡ ಎಂದಿದ್ದರಂತೆ. ಆದ್ದರಿಂದ ಅವ್ವನನ್ನು ಮದುವೆಯಾಗುವಾಗಲೂ ಹೇಳಿರಲಿಲ್ಲ.

"ಆಕಿ ಒಲ್ಲೆ ಅಂದ್ಲೇನು?" ಅವ್ವ ಕೇಳಿದಳು.

ಉತ್ತರ ಹಿತ್ತಲಿನಿಂದ ಬಂತು. ಈರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿರಲಿಲ್ಲ.

"ಅತ್ತಿ ಒಬ್ಬಾಕಿ ಅದಾಳ, ಆಕಿನ್ನ ಬಿಟ್ಟು ಹೆಂಗ ಬರ್ಲಿ ಅಂದೆ. ಒಲ್ಲೆ ಅಂತ ನಾ ಅಂದಿಲ್ಲ. ಇವರು ಅಲ್ಲೇ ನಿಂತಿದ್ರು. ಕೇಳಿಸ್ಕೊಂಡಾರ."

ಆ ಮಾತನ್ನು ಒಲ್ಲೆ ಎಂದು ಬೇರೆಯವರು ತಿಳಿದುಕೊಂಡಾಗ ಅಪ್ಪ ಬಾಯಿ ತೆರೆದಿರಲಿಲ್ಲ. ಈರಮ್ಮ ತವರಿಗೆ ಹೋಗದೆ ಅತ್ತೆಯ ಹತ್ತಿರವೇ ಉಳಿದಳು. ಆಮೇಲೆ ಕಣ್ಣು ಹೋದ ಆ ಮುದುಕಿಯನ್ನು ಎತ್ತಿ ಇಳಿಸಿ ಸಾಕಿದಳು. ಮಗ ದೂರದ ಊರಿನಲ್ಲಿ ನೌಕರಿಯಲ್ಲಿದ್ದಾನೆ ಎಂದು ಕೊನೆಯ ತನಕ ಅವಳಿಗೆ ಹೇಳುತ್ತ ಬಂದಿದ್ದಳು. ಅವಳು ಕಾಪಾಡಿದ ಸುಳ್ಳಿಗೂ ಅಪ್ಪ ಕಾಪಾಡಿದ ಸುಳ್ಳಿಗೂ ಎಷ್ಟು ಅಂತರ ಎಂದು ನನಗೆ ಆಗ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು. ಅವರು ಎದ್ದು ಹಿತ್ತಲಿಗೆ ಹೋಗಿ ಆ ಒಲೆಯ ಮುಂದೆ ಮೊಣಕಾಲೂರಿದರು. ಕೈ ಜೋಡಿಸಿದರು. ಪ್ರಸಂಗದಲ್ಲಿ ಬರುವ ದನಿಯಲ್ಲಿ, ಈರಮ್ಮಾ, ನಾನು ಪಾಪಿ, ನಿನಗೆ ಮಾಡಬಾರದ್ದನ್ನು ಮಾಡಿದೆ ಎಂದರು. ಮುಖ ಹಿಂಡಿದಂತೆ ಮಾಡಿದರು. ನಾನು ಬಚ್ಚಲ ಗೋಡೆಯ ಹತ್ತಿರ ನಿಂತು ಅವರ ಕಣ್ಣು ನೋಡಿದೆ. ದಿನಾಲೂ ನಮ್ಮ ಕಣ್ಣು ನೋಡುತ್ತಿದ್ದವರ ಕಣ್ಣು ಸುಡುಗಾಡಿನ ಹಾಗೆ ಒಣಗಿತ್ತು. ಈರಮ್ಮನೂ ಈಗ ಮೊದಲ ಸಲ ಅವರ ಮುಖ ನೋಡಿದಳು. ನೋಡಿ ರೊಟ್ಟಿ ಹೊರಳಿಸಿದಳು.

"ಅಳು ಬರದಿದ್ರ ಬಿಡ್ರಿ. ಸುಮ್ನ ಹೊಗಿ ಕಣ್ಣಿಗೆ ಹೊಕ್ಕೊಂಡೀತು."

ಅಪ್ಪ ಬೆಚ್ಚಿಬಿದ್ದವರಂತೆ ಎದ್ದರು. ಯಾರೋ ಅವರ ಅಂಗಿ ಹರಿದು ಬೀದಿಯಲ್ಲಿ ನಿಲ್ಲಿಸಿದ್ದರೂ ಅವರು ಅಷ್ಟು ನಾಚುತ್ತಿರಲಿಲ್ಲ.

ಸಂಜೆಯ ಬಸ್ಸಿಗೆ ಹೋಗುತ್ತೇನೆ ಎಂದಿದ್ದ ಈರಮ್ಮನಿಗೆ ಹೋಗಲಾಗಲಿಲ್ಲ. ಬಿಸಿಲಿನಲ್ಲಿ ನಡೆದು ಬಂದವಳಿಗೆ ನಡುಕ ಹುಟ್ಟಿ ಚಳಿಜ್ವರ ಏರಿತು. ಅವ್ವ ಅವಳನ್ನು ನಡುವಿನ ಕೋಣೆಯಲ್ಲಿ ತನ್ನ ಮಂಚದ ಮೇಲೆ ಮಲಗಿಸಿದಳು. ಅನ್ನದ ಗಂಜಿ ಬೇಡ ಎಂದವಳಿಗೆ ಹಾಲು ಕುಡಿಸಿದಳು, ಆಸ್ಪತ್ರೆಯಿಂದ ಕ್ವಿನೈನು ತರಿಸಿದಳು, ಮೈ ಒರೆಸಿದಳು. ಎಲ್ಲವನ್ನೂ ಮಾತಿಲ್ಲದೆ ಮಾಡಿದಳು. ಅಪ್ಪನೊಡನೆ ಅವ್ವ ಮಾತು ಬಿಟ್ಟಿದ್ದಳು. ಬೇಕಾದದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದಳು. ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪ ಕಂದೀಲು ಎತ್ತಲಿಲ್ಲ. ಕಾಂಪೌಂಡಿನ ಹೆಂಗಸರು ಉಪ್ಪು ಕೇಳುವ ನೆವದಲ್ಲಿ, ಬೆಂಕಿ ಕೇಳುವ ನೆವದಲ್ಲಿ ಬಂದು ಕತ್ತು ನೀಳ ಮಾಡಿ ಒಳಗೆ ನೋಡಿ ಹೋಗುತ್ತಿದ್ದರು. ತೆಲುಗಿನಲ್ಲಿ ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ಬಾಯಿಗೆ ಸೆರಗು ಹಿಡಿಯುತ್ತಿದ್ದರು.

ಆ ಭಾನುವಾರ ಪ್ರಸಂಗದ ಸರದಿ ಅಪ್ಪನದು. ಗುಡಿ ಎಂದೂ ಇಲ್ಲದಷ್ಟು ತುಂಬಿತ್ತು. ಅಯ್ಯನವರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅಪ್ಪ ಎಂದಿನಂತೆ ಪಶ್ಚಾತ್ತಾಪದ ಮಾತಿನಿಂದಲೇ ಶುರು ಮಾಡಿದರು. ಸ್ವಲ್ಪ ಹೊತ್ತು ಹೇಳಿ ನಡುವೆ ನಿಂತರು. ಮಾತು ಮರೆತರೇನೋ ಎಂದು ಎಲ್ಲರೂ ತಲೆಯೆತ್ತಿದರು. ಅಪ್ಪ ಪೀಠದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು, ಪುಸ್ತಕದ ಕನ್ನಡ ಬಿಟ್ಟು ಮನೆಯ ಮಾತಿನಲ್ಲಿ ಹೇಳಿದರು.

"ಮನುಷ್ಯ ತಾನಾಗಿ ಪಶ್ಚಾತ್ತಾಪ ಪಡಬಲ್ಲ ಅಂತ ನಿಮಗ ಇಷ್ಟು ವರ್ಷ ಹೇಳೀನಿ. ನನ್ನ ಮನ್ಯಾಗ ಒಬ್ಬಾಕಿ ಜ್ವರ ಬಂದು ಮಲಗ್ಯಾಳ. ಆಕಿಗೆ ನಾ ಏನು ಮಾಡೀನಿ ಅಂತ ನಿಮಗೆಲ್ಲಾ ಗೊತ್ತಾಗೈತಿ. ಅವತ್ತಿಂದ ಪಶ್ಚಾತ್ತಾಪ ಪಡಾಕ ನೋಡಾಕ ಹತ್ತೀನಿ. ಆಗವಲ್ದು. ತಪ್ಪು ಅಂತ ಗೊತ್ತೈತಿ, ಎದಿ ಮಾತ್ರ ಅಲುಗವಲ್ದು. ನಾ ನಿಮಗ ಹೇಳಿದ್ದು ಸುಳ್ಳು."

ಅಷ್ಟು ಹೇಳಿ ಇಳಿದು ಬಂದು ಗಂಡಸರ ಸಾಲಿನ ಕೊನೆಯಲ್ಲಿ ಕೂತರು. ನನ್ನ ಪಕ್ಕದಲ್ಲಿದ್ದ ಮುದುಕಿ "ಅಯ್ಯೋ ದೇವಾ" ಎಂದು ಬಾಯಿ ಮುಚ್ಚಿಕೊಂಡಳು. ನನಗೆ ಅಪ್ಪ ಸತ್ತೇಹೋದರು ಅನ್ನಿಸಿತು. ನಾನು ಅವ್ವನ ತೋಳು ಹಿಡಿದೆ. ಅದು ಕಟ್ಟಿಗೆಯಂತೆ ಬಿಗಿದಿತ್ತು.

ಆರಾಧನೆ ಮುಗಿದ ಮೇಲೆ ಅಯ್ಯನವರು ನಮ್ಮನ್ನು ಹಿಂದಿನ ಕೋಣೆಗೆ ಕರೆದರು. ಅವರು ಕೆಟ್ಟವರಲ್ಲ. ಸಭೆಯ ಹಿರಿಯರು ಬಹಳ ಕೆರಳಿದ್ದಾರೆ ಎಂದರು. ಆ ಹೆಂಗಸನ್ನು ಮೊದಲು ಕಳಿಸಬೇಕು, ಆಮೇಲೆ ಸಭೆಯ ಮುಂದೆ ಪಶ್ಚಾತ್ತಾಪ ಪಟ್ಟರೆ ರೊಟ್ಟಿ ದ್ರಾಕ್ಷಾರಸದ ಪವಿತ್ರ ಭೋಜನಕ್ಕೆ ಮತ್ತೆ ಸೇರಿಸಿಕೊಳ್ಳಬಹುದು ಎಂದರು.

"ಯಾವುದಕ್ಕ ಪಶ್ಚಾತ್ತಾಪ ಪಡ್ಲಿ ಅಯ್ಯನವರೇ? ಆಕಿನ್ನ ಬಿಟ್ಟದ್ದಕ್ಕೋ, ಈಗ ಮನ್ಯಾಗ ಇಟ್ಕೊಂಡದ್ದಕ್ಕೋ?"

ಅಯ್ಯನವರು ಮೇಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು.

"ಯೋಹಾನಪ್ಪಾ, ನನ್ನಿಂದ ಆಗೋದಿಲ್ಲ ಅಂತ ನಿನಗೆ ತಿಳಿದದ್ದೇ ಕೃಪೆಯ ಆರಂಭ ಇರಬಹುದು. ಆದರೆ ಅದನ್ನು ನಾನು ಹಿರಿಯರಿಗೆ ಹೇಗೆ ಹೇಳಲಿ?"

ಮನೆಗೆ ಬಂದಾಗ ಈರಮ್ಮ ಜ್ವರದಲ್ಲಿ ಕನವರಿಸುತ್ತಿದ್ದಳು. ಕುರುಗೋಡಿನಲ್ಲಿ ಎಮ್ಮೆಯನ್ನು ನೆರೆಯವಳಿಗೆ ಒಪ್ಪಿಸಿ ಬಂದಿದ್ದಳು. ಅದು ಬೇರೆಯವರಿಗೆ ಹಾಲು ಬಿಡುವುದಿಲ್ಲ, ಕೆಚ್ಚಲು ಬಾತು ಸಾಯುತ್ತದೆ ಎಂದು ಅವಳ ಚಿಂತೆ. ಅವ್ವ ಅಂದು ಅಪ್ಪನಿಗೆ ನೇರವಾಗಿ ಮಾತಾಡಿದಳು.

"ಹೋಗಿ ಆ ಎಮ್ಮಿ ನೋಡಿ ಬರ್ರಿ. ಸುಗುಣಾನ್ನ ಜೊತಿಗೆ ಕರ್ಕೊಂಡು ಹೋಗ್ರಿ."

"ಆಕಿ ಯಾಕ?"

"ನೀವು ತಿರುಗಿ ಬರ್ಬೇಕಲ್ಲ, ಅದಕ್ಕ."

ಅಪ್ಪ ಬರದೆ ಹೋಗಬಹುದು ಎಂಬುದು ಅಲ್ಲಿಯ ತನಕ ನನ್ನ ತಲೆಗೆ ಬಂದೇ ಇರಲಿಲ್ಲ. ಮರುದಿನ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ, ಏರು ಬಂದಾಗಲೆಲ್ಲ ಇಳಿದು ನಡೆಯುತ್ತ, ದಾರಿಯುದ್ದಕ್ಕೂ ನಾನು ಅವರ ಅಂಗಿಯ ತುದಿ ಬಿಡಲಿಲ್ಲ. ಕುರುಗೋಡಿನ ಕಲ್ಲುಗುಡ್ಡಗಳು ಕಾಣಿಸಿದಾಗ ಅಪ್ಪ ತಲೆ ತಗ್ಗಿಸಿದರು. ಊರೊಳಗೆ ಅವರು ಯಾರನ್ನೂ ದಾರಿ ಕೇಳಲಿಲ್ಲ. ಕಾಲುಗಳೇ ಹೋದವು. ಮಣ್ಣಿನ ಮಾಳಿಗೆಯ ಸಣ್ಣ ಮನೆ. ಬಾಗಿಲು ಎಷ್ಟು ಕೆಳಗಿತ್ತೆಂದರೆ ಅಪ್ಪ ಅರ್ಧ ಬಗ್ಗಬೇಕಾಯಿತು. ಬೀಗದ ಕೈ ಹಿಡಿದು ಬಂದ ನೆರೆಮನೆಯ ನಿಂಗಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ನೀ ಸತ್ತಿ ಅಂತ ಮಾಡಿದ್ದೆ ನಾನು," ಅಂದಳು.

ಒಳಗೆ ಒಂದು ಮೂಲೆಯಲ್ಲಿ ಹಗ್ಗದ ಹೊರಸು, ಊರುಗೋಲು, ನಶ್ಯದ ಡಬ್ಬಿ. ಅದು ಅಜ್ಜಿಯ ಮೂಲೆ. ನನಗೆ ಒಬ್ಬಳು ಅಜ್ಜಿ ಇದ್ದಳು ಎಂದು ತಿಳಿದು ವಾರವಾಗಿತ್ತು ಅಷ್ಟೇ. ಅಪ್ಪ ಆ ಹೊರಸಿನ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ನಾನೂ ಅವರಿಗಾಗಿ ಬೇಡಿಕೊಂಡೆ: ಕರ್ತನೇ, ನಮ್ಮಪ್ಪನಿಗೆ ಅಳು ಕೊಡು. ಬಹಳ ಹೊತ್ತಾಯಿತು. ಅವರು ಕಣ್ಣು ತೆರೆದು ನನ್ನನ್ನು ನೋಡಿ, ಎದ್ದು, ಗೋಡೆಗೆ ಅಂಗೈಯಿಂದ ಜೋರಾಗಿ ಹೊಡೆದರು. ಮಣ್ಣು ಉದುರಿತು.

"ಕಲ್ಲು," ಅಂದರು. "ಒಳಗ ಬರೇ ಕಲ್ಲು ಐತಿ."

ಹಿಂದಿನ ಕೊಟ್ಟಿಗೆಯಲ್ಲಿ ಎಮ್ಮೆ ನರಳುತ್ತಿತ್ತು. ಕೆಚ್ಚಲು ಬಾತು ಕೆಂಪಾಗಿತ್ತು. ನಿಂಗಮ್ಮ ಹತ್ತಿರ ಹೋದರೆ ಒದೆಯುತ್ತಿತ್ತು. ಅಪ್ಪ ಹೋದರೂ ಒದೆಯಿತು; ಚೆಂಬು ಉರುಳಿಹೋಯಿತು. ನಿಂಗಮ್ಮ ಗೂಟದ ಮೇಲಿದ್ದ ಈರಮ್ಮನ ಹಳೇ ಸೀರೆಯೊಂದನ್ನು ತಂದು ಅಪ್ಪನ ಕಡೆ ಎಸೆದಳು.

"ಇದನ್ನ ಸುತ್ಕೊಂಡು ಕುಂಡ್ರು. ಆಕಿ ವಾಸನಿ ಬಂದ್ರ ನಿಲ್ತೈತಿ."

ಅಪ್ಪ ಅದನ್ನು ಎತ್ತಿಕೊಂಡರು. ಬಿಳಿ ಅಂಗಿಯ ಮೇಲೆ, ಬೀದಿಬೀದಿಯಲ್ಲಿ ಉಪದೇಶ ಮಾಡುತ್ತಿದ್ದ ಅಂಗಿಯ ಮೇಲೆ, ಆ ಸೀರೆಯನ್ನು ಸುತ್ತಿಕೊಂಡು ತಲೆಯ ಮೇಲೆ ಸೆರಗು ಹಾಕಿಕೊಂಡು ಕುಕ್ಕುರುಗಾಲಲ್ಲಿ ಕೂತರು. ನನಗೆ ನಗು ಬರುವ ಹಾಗಾಗಿ ಕೈ ಬಾಯಿಗೆ ಹೋಯಿತು. ಎಮ್ಮೆ ಕತ್ತು ತಿರುಗಿಸಿ ಸೆರಗನ್ನು ಮೂಸಿತು. ಇನ್ನೊಮ್ಮೆ ಮೂಸಿತು. ದೊಡ್ಡದೊಂದು ಉಸಿರು ಬಿಟ್ಟು ಕಾಲು ಸಡಿಲಿಸಿತು. ಅಪ್ಪ ಕೈಹಾಕಿದರು. ಹಾಲು ಚೆಂಬಿನ ತಳಕ್ಕೆ ಸರ್ ಎಂದು ಬಿತ್ತು. ಅವರಿಗೆ ಆ ಕೆಲಸ ಇನ್ನೂ ಮರೆತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸರ್ ಸರ್ ಎನ್ನುವ ಸದ್ದಿನ ಜೊತೆಗೆ ಬೇರೊಂದು ಸದ್ದು ಕೇಳಿಸಿತು. ಎಮ್ಮೆಯದೇ ಎಂದುಕೊಂಡೆ. ಅಪ್ಪ ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿಕೊಂಡಿದ್ದರು. ಅವರ ಬೆನ್ನು ಕುಲುಕುತ್ತಿತ್ತು. ಆ ಸದ್ದು ಅವರದು. ಪ್ರಾರ್ಥನೆಯ ದನಿಯಲ್ಲ, ಯಾವ ಮಾತೂ ಇಲ್ಲ, ಪೌಲ ಸಣ್ಣಕೂಸಾಗಿದ್ದಾಗ ಅಳುತ್ತಿದ್ದ ಹಾಗೆ. ಸೆರಗು ಒದ್ದೆಯಾಗಿ ಮುಖಕ್ಕೆ ಅಂಟಿತ್ತು. ಕೈಗಳು ಮಾತ್ರ ಹಿಂಡುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಎಮ್ಮೆಗೆ ನೋವಾಗುತ್ತದೆ ಎಂಬಂತೆ. ನಾನು ಹೆದರಿ ಕಂಬ ತಬ್ಬಿಕೊಂಡೆ. ಗಂಡಸು, ಅದರಲ್ಲೂ ನಮ್ಮಪ್ಪ, ಹಾಗೆ ಅಳಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ನಿಂಗಮ್ಮ ಕೂಡ ಬಾಯಿಗೆ ಬಂದ ಮಾತು ನುಂಗಿ ಆಚೆಗೆ ಹೋದಳು.

ಬಸ್ಸಿನಲ್ಲಿ ಹಿಂದಿರುಗುವಾಗ ಅಪ್ಪ ಒಂದೇ ಮಾತು ಆಡಿದರು.

"ನಾ ಮಾಡಿದ್ದಲ್ಲ ಸುಗುಣಾ. ನಾ ಹಾಲು ಹಿಂಡಾಕ ಕುಂತಿದ್ದೆ, ಅಷ್ಟೇ."

ಮನೆಗೆ ಬಂದಾಗ ಈರಮ್ಮನಿಗೆ ಜ್ವರ ಇಳಿದಿತ್ತು. ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ನೇರ ಹೋಗಿ ಅವಳ ಮುಂದೆ ನೆಲದ ಮೇಲೆ ಕೂತರು. ಎಮ್ಮೆ ಹಾಲು ಬಿಟ್ಟಿತು ಎಂದು ಹೇಳಲು ಹೋಗಿ ಹೇಳಲಾಗದೆ ಮತ್ತೆ ಅಳತೊಡಗಿದರು. ನನ್ನನ್ನು ಕ್ಷಮಿಸು ಎಂದರು. ಆ ಮಾತೂ ಪೂರ್ತಿ ಬಾಯಿಂದ ಬರಲಿಲ್ಲ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈಗ ಈರಮ್ಮನೂ ಅಳುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದು ನಾನು ಕಾದೆ. ಪ್ರಸಂಗಗಳಲ್ಲಿ ಹಾಗೆಯೇ ಆಗುತ್ತಿತ್ತು. ಈರಮ್ಮ ಅವರ ಕಣ್ಣನ್ನು ಬಹಳ ಹೊತ್ತು ನೋಡಿದಳು.

"ಹೇಂತಿ ಆದಾಕಿ ಗಂಡನ ಹೆಸರು ಹೇಳಬಾರದಂತ ಇಷ್ಟು ವರ್ಷ ಹೇಳಿಲ್ಲ. ಇವತ್ತು ಹೇಳತೀನಿ. ಬಸಣ್ಣಾ, ಈ ಅಳು ಖರೇ ಐತಿ. ನನಗ ಕಾಣತೈತಿ. ಆದ್ರ ಕ್ಷಮಾ ಮಾಡೀನಿ ಅನ್ನಾಕ ನನ್ನ ಕೈಲಿ ಆಗಂಗಿಲ್ಲ. ನಿನಗ ಬಂತು. ನನಗೂ ಬರ್ಬೇಕಲ್ಲ? ಬರದ ಅಂದ್ರ ಅದೂ ಸುಳ್ಳಾಗತೈತಿ."

ಅಷ್ಟು ಅತ್ತವರಿಗೂ ಇಲ್ಲ ಎನ್ನಬಹುದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಮಾತ್ರ ತಲೆಯಾಡಿಸಿದರು, ಲೆಕ್ಕ ಸರಿಯಾಗಿದೆ ಎನ್ನುವಂತೆ. ಮರುದಿನ ಬೆಳಿಗ್ಗೆ ಈರಮ್ಮ ಅವ್ವನ ಕೈ ಹಿಡಿದು, ನನ್ನ ಮೈ ಒರಸಿದಿ, ಮರಿಯಂಗಿಲ್ಲ ಎಂದು ಹೇಳಿ ಬಸ್ಸಿಗೆ ಹೋದಳು.

ಅಪ್ಪನನ್ನು ಪ್ರಸಂಗದ ಕೆಲಸದಿಂದ ತೆಗೆದರು. ಅಯ್ಯನವರು ಅಲ್ಲಿ ಇಲ್ಲಿ ಮಾತಾಡಿ, ಸಿರುಗುಪ್ಪದಲ್ಲಿ ಒಂದು ಸಣ್ಣ ಸಾಲೆಯಲ್ಲಿ ಮಾಸ್ತರಿಕೆ ಕೊಡಿಸಿದರು. ನಾವು ಕಾಂಪೌಂಡಿನ ಮನೆ ಬಿಟ್ಟು ಬಂಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟಾಗ ಒಬ್ಬರೂ ಬಾಗಿಲಿಗೆ ಬರಲಿಲ್ಲ. ಸಿರುಗುಪ್ಪದ ಮನೆ ಇನ್ನೂ ಚಿಕ್ಕದು. ಆದರೆ ಅಲ್ಲಿ ಊಟ ಬೇಗ ಆಗುತ್ತಿತ್ತು. ಅಪ್ಪ ಯಾರ ಪಾಪವನ್ನೂ ಕೇಳುತ್ತಿರಲಿಲ್ಲ. ಅವ್ವ ಮತ್ತೆ ಮಾತಾಡತೊಡಗಿದ್ದಳು, ನಗುತ್ತಲೂ ಇದ್ದಳು. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಅಪ್ಪ ಕುರುಗೋಡಿಗೆ ಹೋಗಿ ಈರಮ್ಮನ ಮನೆಯ ಹೊರಗಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಅವಳು ತನ್ನ ಕೆಲಸ ಮಾಡಿಕೊಳ್ಳುತ್ತಿದ್ದಳಂತೆ. ಬಂದ ಮೇಲೆ ಅವ್ವ ಏನಾತು ಎಂದು ಕೇಳಿದರೆ, ಇನ್ನೂ ಇಲ್ಲ ಎನ್ನುತ್ತಿದ್ದರು.

ನಾನು ಸೀರೆ ಉಡುವ ವಯಸ್ಸಿಗೆ ಬಂದಿದ್ದೆ. ಕಾಲುವೆಯ ನೀರು ಬರುತ್ತದೆ ಎಂದು ಸಿರುಗುಪ್ಪದ ಜನರೆಲ್ಲ ಅದೇ ಮಾತಾಡುತ್ತಿದ್ದ ಕಾಲ. ಒಂದು ಮಧ್ಯಾಹ್ನ ಅಪ್ಪ ಹಚ್ಚೊಳ್ಳಿಗೆ ಹೋಗಿದ್ದಾಗ ಈರಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಏದುಸಿರು ಬಿಡುತ್ತಿದ್ದಳು.

"ಬಂತವ್ವಾ ರಾಹೇಲಾ. ಮುಂಜಾನಿ ಜ್ವಾಳಾ ಹಸನ ಮಾಡಾಕ ಕುಂತಿದ್ದೆ, ಬಂತು. ಅವನ ಮ್ಯಾಲ ಏನೂ ಉಳಿದಿಲ್ಲ. ತಡಾ ಮಾಡಿದ್ರ ಮತ್ತ ಹೋಗಿಬಿಟ್ಟೀತು ಅಂತ ಅಂಜಿ ಸಿಕ್ಕ ಬಸ್ಸಿಗೆ ಓಡಿ ಬಂದೆ."

ಅವ್ವ ಅವಳನ್ನು ಒಳಗೆ ಕರೆದಳು. ಸಂಜೆಗೆ ಬರುತ್ತಾರೆ, ಇರ್ರಿ, ನೀವೇ ಹೇಳ್ರಿ ಎಂದಳು. ಈರಮ್ಮ ತಲೆ ಅಲ್ಲಾಡಿಸಿದಳು.

"ಒಲ್ಲೆ. ಅವನ ಮಾರಿ ನೋಡಿದ ಕೂಡ್ಲೆ ಹೋಗಿಬಿಟ್ರ ನಾ ಏನ್ ಮಾಡ್ಲಿ? ನಿನ್ನ ಕೈಯಾಗ ಕೊಟ್ಟೀನಿ. ನೀನ ಹೇಳು."

ಎಷ್ಟು ಹೇಳಿದರೂ ನಿಲ್ಲಲಿಲ್ಲ. ಹೊತ್ತು ಮುಳುಗುವಾಗ ಅಪ್ಪ ಬಂದರು. ಅವ್ವ ಅವರ ಕೈಗೆ ನೀರಿನ ತಂಬಿಗೆ ಕೊಟ್ಟು, ಈರಮ್ಮ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದಳು. ಅಪ್ಪ ತಂಬಿಗೆಯ ಸಮೇತ ಹೊಸ್ತಿಲ ಮೇಲೆ ಕೂತರು. ಇನ್ನೊಮ್ಮೆ ಹೇಳು ಎಂದರು. ಅವ್ವ ಹೇಳಿದಳು. ಅಪ್ಪ ಒಂದು ಕೈಯಿಂದ ಮುಖ ಮುಚ್ಚಿಕೊಂಡು, ದೇವರು ದೊಡ್ಡವನು, ಇನ್ನು ನನ್ನ ಮ್ಯಾಲ ಯಾರ ಭಾರಾನೂ ಇಲ್ಲ ಎಂದರು.

"ಇಲ್ಲೇನು?" ಎಂದಳು ಅವ್ವ.

ಅಪ್ಪ ಮುಖ ಎತ್ತಿದರು. ಅವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ನನ್ನ ಯಾವತ್ತ ಕೇಳ್ತೀರಿ? ಸುಳ್ಳು ಅನ್ರಿ ಅಂತ ಎರಡು ಸಲ ಬೇಡಿಕೊಂಡೆ. ನನಗ ಯಾರೂ ಇರಲಿಲ್ಲ, ನೀವ ಎಲ್ಲಾ ಅಂತ ನಂಬಿದ್ದೆ. ಇಷ್ಟು ವರ್ಷ ಆಕಿ ಕಟ್ಟಿಮ್ಯಾಲ ಹೋಗಿ ಕುಂತ್ರಿ. ನನ್ನ ಒಲಿ ಮುಂದ ಒಂದು ದಿವಸ ಕುಂತ್ರೇನು?"

ಅಪ್ಪನ ಕೈಯಿಂದ ತಂಬಿಗೆ ಜಾರಿ ನೀರು ಹೊಸ್ತಿಲಿನಿಂದ ಅಂಗಳಕ್ಕೆ ಹರಿಯಿತು. ಅವರಿಗೆ ಇದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಅವ್ವ ನಕ್ಕಾಗಲೆಲ್ಲ ಅವಳಿಗೆ ಏನೂ ಆಗಿಲ್ಲ ಎಂದೇ ನಾವು ತಿಳಿದಿದ್ದೆವು. ಅಪ್ಪ ಏನೋ ಹೇಳಲು ಬಾಯಿ ತೆರೆದು ಅವಳ ಕಡೆ ಬಗ್ಗಿದರು. ಅವ್ವ ಅಂಗೈ ಅಡ್ಡ ಹಿಡಿದಳು.

"ಈಗ ಬ್ಯಾಡ. ನಾ ಅಂದೆ ಅಂತ ಕೇಳಬ್ಯಾಡ್ರಿ. ಒಳಗಿಂದ ಬಂದಾಗ ಕೇಳ್ರಿ."

ಆಮೇಲೆ ಕೆಲವು ದಿನ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದೆವು. ಒಂದು ದಿನ ಮಧ್ಯಾಹ್ನ ನಾನು, ಪೌಲ ಊಟಕ್ಕೆ ಬಂದಾಗ ಅಡಿಗೆಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಒಳಗೆ ಅಪ್ಪನ ಅಳು ಕೇಳಿಸಿತು; ಸ್ವಲ್ಪ ಹೊತ್ತಾದ ಮೇಲೆ ಅವ್ವನದೂ. ಅವಳು ಅಳುವುದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಪೌಲ ನನ್ನ ಕೈ ಜಗ್ಗಿದ.

"ಯಾರು ಸತ್ರಕ್ಕಾ?"

"ಯಾರೂ ಸತ್ತಿಲ್ಲ. ಸುಮ್ನ ಕುಂಡ್ರಲೇ."

ನಾವಿಬ್ಬರೂ ಹಸಿದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತೆವು. ಬಾಗಿಲು ಬಡಿಯಲಿಲ್ಲ.